ಇಸ್ತಾಂಬುಲಿನಿಂದ ಮರಳಿ ಬಂದವರು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಕಾಮಗೆರೆ. ಇದೇ ದಾರಿ ಮುಂದೆ ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ದಾಟಿ ತಮಿಳುನಾಡಿಗೆ ಇಳಿಯುತ್ತದೆ. 1799ರ ಮೇ 4ರಂದು ಟಿಪ್ಪು ಸುಲ್ತಾನರು ಹುತಾತ್ಮರಾಗುವವರೆಗೆ ಇಲ್ಲಿನ ಜನರು ಅವರ ಪ್ರಜೆಗಳಾಗಿದ್ದರು. ಬಳಿಕ ವಿಜೇತರು ಮೈಸೂರನ್ನು ಹಂಚಿಕೊಂಡಾಗ ಕೊಳ್ಳೇಗಾಲದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೊಯಮತ್ತೂರು ಜಿಲ್ಲೆಗೆ ಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಅದು ಮೈಸೂರಿಗೆ ಮರಳಿದ್ದು 1956ರ ನವೆಂಬರ್ 1ರಂದು. ಇದ್ದಲ್ಲೇ ಇದ್ದು 157 ವರ್ಷ ಪರರಾಜ್ಯದಲ್ಲಿ ಕಳೆದ ನೆಲವಿದು.

ತಾಯ್ನಾಡಿಗೆ ಮರಳುವುದೆಂದರೆ ಬಿಟ್ಟುಹೋದ ಮನೆಯ ಬಾಗಿಲನ್ನು ಮತ್ತೆ ತೆರೆಯುವುದೆಂದು ನಾವು ಭಾವಿಸುತ್ತೇವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಸಹೋದರರು ವರ್ಷಗಳನ್ನು ಎಣಿಸುವುದು ಈ ನಂಬಿಕೆಯಿಂದಲೇ. ಆದರೆ ಕಾಮಗೆರೆಯೂ ಸೇರಿದ್ದ ಆ ಮೈಸೂರು ರಾಜ್ಯದಿಂದ ಹೊರಟು, ನಾಲ್ಕು ವರ್ಷಗಳ ಬಳಿಕ ಮರಳಿದ ಒಂದು ತಂಡದ ಕಥೆ ಬೇರೆಯೇ ಇದೆ.

1786ರ ಮಾರ್ಚ್ ತಿಂಗಳಿನಲ್ಲಿ, ಅಘನಾಶಿನಿ ನದಿ ಕಡಲನ್ನು ಸೇರುವ ತದಡಿಯ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಮ್ ಅಲಿ ಖಾನರ ನಾಯಕತ್ವದ ಆ ರಾಯಭಾರ ನಿಯೋಗ ಉಸ್ಮಾನಿ ಖಲೀಫರ ಆಸ್ಥಾನಕ್ಕೆ ಹೊರಟಿತ್ತು. ರಾಯಭಾರಿಗಳು, ಬರಹಗಾರರು, ಸೈನಿಕರು, ಸೇವಕರೆಲ್ಲ ಸೇರಿ ಸುಮಾರು 900 ಮಂದಿ. ಖರ್ಚನ್ನು ಭರಿಸಲು ಮೆಣಸು, ಏಲಕ್ಕಿ, ಶ್ರೀಗಂಧದಂತಹ ಸರಕುಗಳೂ ಜೊತೆಗಿದ್ದವು. ಆಂಗ್ಲರ ವಿರುದ್ಧ ನೆರವು, ಬಸ್ರಾದಲ್ಲಿ ವ್ಯಾಪಾರದ ನೆಲೆ, ಕುಶಲಕರ್ಮಿಗಳು, ತಮ್ಮ ಅರಸೊತ್ತಿಗೆಗೆ ಖಲೀಫರ ಮಾನ್ಯತೆ, ಇವು ಸುಲ್ತಾನರ ಬೇಡಿಕೆಗಳು. ಬಸ್ರಾಕ್ಕೆ ಪ್ರತಿಯಾಗಿ ಮಂಗಳೂರಿನಲ್ಲಿ ಅಂತಹದೇ ಸೌಲಭ್ಯ ನೀಡಲೂ ಅವರು ಸಿದ್ಧರಿದ್ದರು.

ಮಸ್ಕತ್, ಬೂಶಹರ್, ಬಸ್ರಾ, ಬಾಗ್ದಾದುಗಳ ಮಾರ್ಗವಾಗಿ ನಿಯೋಗ ಇಸ್ತಾಂಬುಲನ್ನು ತಲುಪುವಾಗ 1787ರ ಸೆಪ್ಟೆಂಬರ್ ಆಗಿತ್ತು. ಅಷ್ಟರಲ್ಲಿ ಖಲೀಫ ಒಂದನೆಯ ಅಬ್ದುಲ್ ಹಮೀದರು ರಷ್ಯಾದೊಂದಿಗಿನ ಯುದ್ಧದಲ್ಲಿ ಸಿಲುಕಿದ್ದರು. ಆಂಗ್ಲರನ್ನು ಎದುರುಹಾಕಿಕೊಳ್ಳುವ ಸ್ಥಿತಿ ಅವರದಾಗಿರಲಿಲ್ಲ. ಗೌರವ ದೊರೆಯಿತು, ಉಡುಗೊರೆಗಳು ದೊರೆತವು, ಸೈನ್ಯ ದೊರೆಯಲಿಲ್ಲ. ಮೈಸೂರಿನ ಬಿಸಿಲಿಗೆ ಒಗ್ಗಿದ ಮಂದಿ ಅಲ್ಲಿನ ಚಳಿಗೂ ಪ್ಲೇಗಿಗೂ ಬಲಿಯಾದರು.

1788ರಲ್ಲಿ ಉಳಿದವರು ಮರಳಿ ಹೊರಟರು. ಅಲೆಕ್ಸಾಂಡ್ರಿಯಾ, ಕೈರೋ, ಸುಯೇಜ್, ಜಿದ್ದಾ. ಅಲ್ಲಿಂದ ಪವಿತ್ರ ಮಕ್ಕಾ ಮತ್ತು ಮದೀನಾ. ಆ ಎರಡು ನಗರಗಳಲ್ಲಿ ನಿಂತಾಗ ಮರಳುವಿಕೆಯ ಮಹಾ ಉದಾಹರಣೆ ಅವರ ಮನಸ್ಸಿಗೆ ಬಾರದಿರಲು ಸಾಧ್ಯವಿಲ್ಲ. ಪ್ರವಾದಿ(ಸ)ಯವರು 622ರಲ್ಲಿ ತೊರೆದ ಮಕ್ಕಾವನ್ನು 630ರಲ್ಲಿ ವಿಜಯಿಯಾಗಿ ಪ್ರವೇಶಿಸಿದರು. ಆದರೆ ಅಲ್ಲಿ ನೆಲೆಸದೆ, ಕಷ್ಟಕಾಲದಲ್ಲಿ ಆಶ್ರಯವಿತ್ತ ಮದೀನಾಕ್ಕೇ ಹಿಂದಿರುಗಿದರು. ಹುಟ್ಟೂರಿನ ಮೇಲಿನ ಪ್ರೀತಿ ಅವರಲ್ಲಿ ಎಂದೂ ಕುಂದಲಿಲ್ಲ, ಅನ್ಸಾರರ ಋಣವೂ ಮರೆಯಲಿಲ್ಲ.

ನಿಯೋಗದವರಿಗೆ ಅಂತಹ ಆಯ್ಕೆ ಇರಲಿಲ್ಲ. 1789ರ ಕೊನೆಗೆ ಅವರು ಕಲ್ಲಿಕೋಟೆಯಲ್ಲಿ ಇಳಿದಾಗ ಸುಲ್ತಾನರು ಶ್ರೀರಂಗಪಟ್ಟಣದಲ್ಲಿರಲಿಲ್ಲ, ತಿರುವಾಂಕೂರಿನ ಗಡಿಯಲ್ಲಿ ಯುದ್ಧನಿರತರಾಗಿದ್ದರು. ಹೊರಟವರ ಪೈಕಿ ಮರಳಿದವರು ಅತ್ಯಲ್ಪ. ಈ ಯಾನದ ಬಗ್ಗೆ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ಬರೆದ ದಿನಚರಿಯೊಂದಿದೆ. 1968ರಲ್ಲಿ ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿದರು. ಅದು ಹೊರಟ ದಾರಿಯ ದಿನಚರಿ, ಮರಳಿದ ದಾರಿಯದಲ್ಲ. ಬಾರದವರ ಮನೆಗಳಿಗೆ ಸುದ್ದಿ ಮುಟ್ಟಿಸಿದವರು ಯಾರು, ಏನೆಂದು ಹೇಳಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ರಾಜತಾಂತ್ರಿಕ ಸೋಲಿಗಿಂತ ನನಗೆ ಹೆಚ್ಚು ಕಾಡುವುದು ಇದೇ.

ಗುಲಾಮ್ ಅಲಿ ಖಾನರಿಗೂ ವಿಶ್ರಾಂತಿ ದೊರೆಯಲಿಲ್ಲ. 1792ರಲ್ಲಿ ಸೋತ ಮೈಸೂರು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಹಣ ಸಲ್ಲುವವರೆಗೆ ಸುಲ್ತಾನರ ಇಬ್ಬರು ಮಕ್ಕಳು ಒತ್ತೆ: ಹತ್ತರ ಆಸುಪಾಸಿನ ಅಬ್ದುಲ್ ಖಾಲಿಕ್, ಎಂಟರ ಆಸುಪಾಸಿನ ಮುಯಿಜುದ್ದೀನ್. ಅವರೊಂದಿಗೆ ಹೋಗಲು ನೇಮಕಗೊಂಡ ವಕೀಲರಲ್ಲಿ ಇಸ್ತಾಂಬುಲಿನಿಂದ ಮರಳಿದ ಗುಲಾಮ್ ಅಲಿ ಖಾನರೂ ಒಬ್ಬರು. ಮಕ್ಕಳು ಮದರಾಸಿನಲ್ಲಿ ಎರಡು ವರ್ಷ ಕಳೆದು, 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಯನ್ನು ಮತ್ತೆ ಕಂಡರು. ಅದು ಸುಲ್ತಾನರ ಹುಟ್ಟೂರೂ ಹೌದು.

ಆ ಮಿಲನದ ಆಯುಷ್ಯ ಐದೇ ವರ್ಷ. 1799ರ ಬಳಿಕ ಸುಲ್ತಾನರ ಕುಟುಂಬವನ್ನು ವೆಲ್ಲೂರಿನ ಕೋಟೆಗೆ ಕಳುಹಿಸಲಾಯಿತು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ, ರಾಜಕುಮಾರರನ್ನು ಇನ್ನೂ ದೂರದ ಕಲ್ಕತ್ತೆಗೆ ಸಾಗಿಸಿದರು. ಒಮ್ಮೆ ಒತ್ತೆಯಿಂದ ಬಿಡುಗಡೆಗೊಂಡು ಬಂದಿದ್ದ ಆ ಇಬ್ಬರೂ ಈ ಬಾರಿ ಶ್ರೀರಂಗಪಟ್ಟಣವನ್ನು ಮತ್ತೆ ಕಾಣಲಿಲ್ಲ. ಅವರ ಸಹೋದರ ಗುಲಾಮ್ ಮುಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲದಲ್ಲಿ ತಂದೆಯ ನೆನಪಿಗೆ ಮಸೀದಿಯೊಂದನ್ನು ಕಟ್ಟಿಸಿದರು. ಅದು ಇಂದಿಗೂ ಟಿಪ್ಪು ಸುಲ್ತಾನ್ ಮಸೀದಿಯೆಂದೇ ಪ್ರಸಿದ್ಧ.

ಕಾಮಗೆರೆಯ ಸೀಮೆ 1956ರಲ್ಲಿ ಮೈಸೂರಿಗೆ ಮರಳಿ ಸೇರಿದಾಗ, ಆ ಮನೆತನ ಕಲ್ಕತ್ತೆಗೆ ಹೋಗಿ 150 ವರ್ಷಗಳಾಗಿದ್ದವು.