ಮೀನಿನ ಜಾಗ ಯಾರಿಗೆ ಹೇಳಬೇಕು?

ಉಪ್ಪನ ಜೀನಸು ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಸೀಮೆಎಣ್ಣೆಯ ಜೊತೆಗೆ ಗಾಳದ ಮುಳ್ಳು ಮತ್ತು ತಂಗೂಸು ಕೂಡ ಸಿಗುತ್ತಿತ್ತು. ಮುಳ್ಳುಗಳನ್ನು ನಂಬರಿನ ಪ್ರಕಾರ ಖಾಲಿ ಬೆಂಕಿಪೆಟ್ಟಿಗೆಗಳಲ್ಲಿ ಹಾಕಿಡುವುದು ನನ್ನ ಕೆಲಸ. ಯಾರು ಯಾವ ನಂಬರಿನ ಮುಳ್ಳು ಕೊಂಡರು ಎಂಬುದರಿಂದಲೇ ಅವರು ಆ ಸಂಜೆ ಎಲ್ಲಿಗೆ ಹೋಗುತ್ತಾರೆಂದು ಉಪ್ಪನಿಗೆ ತಿಳಿಯುತ್ತಿತ್ತು. ಸಣ್ಣದಾದರೆ ಗದ್ದೆ ಬದಿಯ ತೋಡು, ದೊಡ್ಡದಾದರೆ ಹೊಳೆಯ ಬಂಡೆಯ ಕೆಳಗಿನ ಕಯ. ಆದರೆ ಒಬ್ಬರ ಜಾಗವನ್ನು ಅವರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. "ಮೋನೆ, ಅಂಗಡಿಯವನಿಗೆ ಕಿವಿ ಎರಡು ಬೇಕು, ಬಾಯಿ ಅರ್ಧ ಸಾಕು" ಎನ್ನುತ್ತಿದ್ದರು.

ಆ ಅರ್ಧ ಬಾಯಿ ನನಗೆ ಬರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಗೋವಾಕ್ಕೆ ಬಂದೆ. ಈಗ ಫೋಂಡಾ ತಾಲೂಕಿನ ಮಡ್ಕಯಿಯ ಕೈಗಾರಿಕಾ ಪ್ರದೇಶದಲ್ಲಿ ಮೆಷಿನ್ ರಿಪೇರಿ ಕೆಲಸ. ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ, ಉಪ್ಪ ನನಗೆ ಮಾತ್ರ ತೋರಿಸಿದ್ದ ಒಂದು ಕಯದಲ್ಲಿ ಒಳ್ಳೆಯ ಮೀನು ಸಿಕ್ಕಿತು. ಫೋಟೊ ತೆಗೆದು, ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಗೆಳೆಯರಿಗೆ ಕಳಿಸಿದೆ. ಅದು ಎಷ್ಟು ಕೈ ದಾಟಿತೋ! ಮುಂದಿನ ಬೇಸಿಗೆ, ನೀರು ಇಳಿದ ಹೊತ್ತಿಗೆ, ಯಾರೋ ರಾತ್ರಿ ಬಂದು ಬ್ಲೀಚಿಂಗ್ ಪುಡಿ ಸುರಿದು ಹೋದರು. ದೊಡ್ಡ ಮೀನುಗಳನ್ನು ಹೆಕ್ಕಿಕೊಂಡಿದ್ದರು, ಬೆರಳುದ್ದದ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಪ್ಪ ಫೋನಿನಲ್ಲಿ ಇಷ್ಟು ಹೇಳಿದರು. ಬೈಯಲಿಲ್ಲ. "ಇನ್ನು ಆ ನಂಬರಿನ ಮುಳ್ಳು ತರಿಸುವುದು ಬೇಡ" ಎಂದು ಫೋನ್ ಇಟ್ಟರು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೀನಿನ ಒಳ್ಳೆಯ ಜಾಗವನ್ನು ಗುಟ್ಟಾಗಿ ಇಡಬೇಕೇ, ಎಲ್ಲರಿಗೂ ಹೇಳಬೇಕೇ? ಹಿಂದಿನವರು ಏನು ಮಾಡುತ್ತಿದ್ದರು?

ಎಲ್ಲರಿಗೂ ಹೇಳಬೇಕು ಎಂದು ಹೊರಟವರಲ್ಲಿ ಒಬ್ಬ ನಮ್ಮ ಜಿಲ್ಲೆಯ ಕಲೆಕ್ಟರನೇ ಆಗಿದ್ದ. ಹೆನ್ರಿ ಸಲಿವನ್ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಗಾಳ ಹಾಕುವ ವಿದ್ಯೆಯ ಮೇಲೆ ಬರೆದ 'ದ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ಕಡೆ ಪೆರುವೊಳು ಎನ್ನುವ ಮಹಸೀರ್ ಮೀನನ್ನು ಹಿಡಿಯುವ ಬಗೆ ಅದರಲ್ಲಿತ್ತು. ಮರುವರ್ಷವೇ ಮೀನು ಶಾಸ್ತ್ರಜ್ಞ ಫ್ರಾನ್ಸಿಸ್ ಡೇ ದಕ್ಷಿಣ ಕನ್ನಡದ ಒಂದು ಹೊಳೆಮೀನಿಗೆ ಈತನ ಹೆಸರಿಟ್ಟ. ಆದರೆ ಥಾಮಸ್ ಬರೀ ಹವ್ಯಾಸದವನಲ್ಲ. ಪುಸ್ತಕಕ್ಕೂ ಮೊದಲು, 1870ರಲ್ಲಿ, ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಅವನ ವರದಿ ಬಂದಿತ್ತು. ಹೊಳೆಗೆ ನಂಜು ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಳಿಯುವುದು ನಿಲ್ಲಬೇಕು ಎಂದು ಅವನು ಪಟ್ಟು ಹಿಡಿದ. ಹಿಡಿಯುವ ಬಗೆ ಹೇಳಿಕೊಟ್ಟವನೇ ಕಾಯುವ ಬಗೆಯನ್ನೂ ಹೇಳಬೇಕಾಯಿತು.

ಆಗಿನ ನಂಜೆಂದರೆ ಕಾಕಮಾರಿ ಬೀಜದಂಥ ಕಾಡಿನ ವಸ್ತು. ಆಮೇಲೆ ತೋಟೆ ಬಂತು. 1897ರ ಭಾರತೀಯ ಮೀನುಗಾರಿಕಾ ಕಾಯಿದೆ ಎರಡನ್ನೂ ಅಪರಾಧ ಮಾಡಿತು: ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ. ಕಾನೂನು ಬಂದು ನೂರಿಪ್ಪತ್ತು ವರ್ಷ ದಾಟಿದ ಮೇಲೆ ನಮ್ಮ ಕಯಕ್ಕೆ ಬ್ಲೀಚಿಂಗ್ ಪುಡಿ ಬಿತ್ತು. ಕಾಯಿದೆ ಪುಸ್ತಕದಲ್ಲಿತ್ತು, ಕಯದ ಹತ್ತಿರ ಯಾರೂ ಇರಲಿಲ್ಲ.

ಕಾಯುವವರು ಇದ್ದ ಜಾಗವೂ ನಮ್ಮಲ್ಲೇ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ಪೆರುವೊಳು ಮೀನುಗಳು ಮಂದೆಯಾಗಿ ಓಡಾಡುತ್ತವೆ. ಅದು ಗುಟ್ಟಿನ ಜಾಗವೇ ಅಲ್ಲ, ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಆದರೂ ಯಾರೂ ಗಾಳ ಹಾಕುವುದಿಲ್ಲ, ಏಕೆಂದರೆ ಅವು ದೇವರ ಮೀನು. 1996ರಲ್ಲಿ ಅಲ್ಲಿಗೂ ಯಾರೋ ವಿಷ ಹಾಕಿದರು, ರಾಶಿ ರಾಶಿ ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನು ಮತ್ತೆ ತುಂಬಿದವು. ನಮ್ಮ ಕಯದ ಮೀನಿಗೆ ಹಾಗೆ ಮರುಗುವ ಊರು ಇರಲಿಲ್ಲ.

ಮೂರನೆಯ ದಾರಿ ನನಗೆ ಕಂಡದ್ದು ಮಡ್ಕಯಿಯಲ್ಲಿ. ಕೋರ್ತಾಲಿಗೆ ಹೋಗುವ ಫೆರಿಯ ಕಡೆ ಇಳಿದರೆ ಜುವಾರಿ ಹೊಳೆ. ಅದರ ಬದಿಯ ತಗ್ಗು ಗದ್ದೆಗಳಿಗೆ ಇಲ್ಲಿ 'ಖಾಜನ್' ಎನ್ನುತ್ತಾರೆ. ಉಪ್ಪುನೀರು ನುಗ್ಗದಂತೆ ಮಣ್ಣಿನ ಬಾಂಧ್ ಕಟ್ಟಿ, ನೀರು ಹೊರಗೆ ಹೋಗಲು 'ಮಾನಸ್' ಎಂಬ ಮರದ ಬಾಗಿಲು ಇಟ್ಟಿರುತ್ತಾರೆ. ಗೋವಾದಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್ ಎಂದು ಲೆಕ್ಕ. ಮೊದಲ ಸಲ ಆ ಬಾಗಿಲು ನೋಡಿದಾಗ ನನಗೆ ನಗು ಬಂತು. ಏರು ನೀರು ಬಂದಾಗ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರು ತಳ್ಳಿದಾಗ ತಾನೇ ತೆರೆಯುತ್ತದೆ. ಫ್ಯಾಕ್ಟರಿಯಲ್ಲಿ ನಾನು ದಿನಾ ಬಿಚ್ಚಿ ಜೋಡಿಸುವ ನಾನ್ ರಿಟರ್ನ್ ವಾಲ್ವೇ ಅದು! ಮಳೆಗಾಲದಲ್ಲಿ ಒಳಗೆ ಸಿಹಿನೀರು, ಭತ್ತದ ಬೆಳೆ. ಉಳಿದ ಕಾಲದಲ್ಲಿ ಸೀಗಡಿ, ಕಾಳುಂದರ್, ಚೊಣಕ್.

ಇಳಿತದ ಹೊತ್ತಿಗೆ ಮೀನು, ಸೀಗಡಿ ನೀರಿನ ಜೊತೆ ಆ ಬಾಗಿಲಿಗೇ ಬರುತ್ತವೆ. ಬಲೆ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅದು ಇಡೀ ಊರಿಗೆ ಗೊತ್ತು. ಆದ್ದರಿಂದಲೇ ಆ ಹಕ್ಕನ್ನು ಎಲ್ಲರೆದುರು ಹರಾಜು ಹಾಕುತ್ತಾರೆ. ಆ ಹಣ ಬಾಂಧಿನ ರಿಪೇರಿಗೆ ಹೋಗಬೇಕೆಂಬುದು ಹಳೆಯ ಕ್ರಮ. ಪೋರ್ಚುಗೀಸರು ತಾವು ಹಿಡಿದ ಗೋವಾ ದ್ವೀಪದ ಹಳ್ಳಿಗಳ ಗಾಂವಕಾರಿ ಕಟ್ಟಳೆಗಳನ್ನು 1526ರಲ್ಲೇ ಬರೆಸಿಟ್ಟರು. ಅಂದರೆ ಊರು ಸೇರಿ ನೆಲ ನೀರು ನೋಡಿಕೊಳ್ಳುವ ಪದ್ಧತಿ ಅವರಿಗಿಂತ ಹಳೆಯದು. ನಮ್ಮ ಫೋಂಡಾ ಸೀಮೆ ಆಗ ಅವರ ಕೈಯಲ್ಲಿರಲಿಲ್ಲ. ಅದು ಸೋದೆ ಅರಸರಿಂದ ಅವರಿಗೆ ಸಿಕ್ಕಿದ್ದು 1763ರಲ್ಲಿ. ಹೈದರಾಲಿಯ ಸೈನ್ಯಕ್ಕೆ ರಾಜ್ಯ ಬಿಟ್ಟು ಬಂದ ಸೋದೆಯ ಕೊನೆಯ ಅರಸ ನೆಲೆಸಿದ್ದು ಇಲ್ಲೇ ಪಕ್ಕದ ಬಾಂದೋಡೆಯಲ್ಲಿ. ಕನ್ನಡ ಬಲ್ಲವರು ಈ ನೀರಿಗೆ ಹೊಸಬರೇನಲ್ಲ.

ಈ ವ್ಯವಸ್ಥೆಯೂ ಈಗ ಸುಖವಾಗಿಲ್ಲ. 1964ರ ಗೇಣಿ ಕಾಯಿದೆಯ ನಂತರ ಜವಾಬ್ದಾರಿ ಗೇಣಿದಾರರ ಸಂಘಗಳಿಗೆ ಬಂತು. ಸೀಗಡಿಗೆ ರೇಟು ಏರಿದ ಮೇಲೆ ಕೆಲವು ಕಡೆ ಹರಾಜು ಹಿಡಿದವರು ಬಾಗಿಲನ್ನು ತೆರೆದೇ ಇಟ್ಟು ಉಪ್ಪುನೀರು ಒಳಗೆ ಬಿಡುತ್ತಾರೆ, ಗದ್ದೆ ಹಾಳಾಗುತ್ತದೆ. ಬಾಂಧಿನ ಮೇಲೆ ಗಾಳ ಹಿಡಿದು ಕೂತಿದ್ದ ಒಬ್ಬ ಹಿರಿಯರು ಒಮ್ಮೆ ನನಗೆ ಕೊಂಕಣಿಯಲ್ಲಿ ಹೇಳಿದ್ದರ ಅರ್ಥ ಇಷ್ಟು: ಮೀನು ತಿನ್ನುವವನು ಬಾಂಧ್ ಕಟ್ಟುವವನೂ ಆಗಿರುವ ತನಕ ಎರಡೂ ಉಳಿದವು.

ನನ್ನ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು. ಉಪ್ಪನ ಗುಟ್ಟು, ಶಿಶಿಲದ ಹರಕೆ, ಮಡ್ಕಯಿಯ ಹರಾಜು, ಮೂರೂ ಬೇರೆ ಬೇರೆ. ಆದರೆ ಮೂರರಲ್ಲೂ ಜಾಗ ಗೊತ್ತಿದ್ದವನಿಗೆ ಅದನ್ನು ಕಾಯುವ ಕೆಲಸವೂ ಇತ್ತು. ನಾನು ಕಳಿಸಿದ್ದು ಜಾಗವನ್ನು ಮಾತ್ರ, ಕೆಲಸವನ್ನು ಕಳಿಸಲಿಲ್ಲ.

ಈಗ ನಾನು ಯಾರಿಗೂ ಗುರುತು ಕಳಿಸುವುದಿಲ್ಲ. ಮಡ್ಕಯಿಯ ಹತ್ತಿರ ಸಿಹಿನೀರಿನ ಒಂದು ಒಳ್ಳೆಯ ಜಾಗ ನನಗೆ ಗೊತ್ತು. ಬರುವವರಿದ್ದರೆ ಬನ್ನಿ, ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ. ಎರಡು ಷರತ್ತು. ಮರಿಯನ್ನು ವಾಪಸ್ ಬಿಡಬೇಕು. ಮೊದಲ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಗದ್ದೆಗೆ ಏರುವ ಮೀನನ್ನು ಮುಟ್ಟಬಾರದು. ನಮ್ಮೂರಲ್ಲಿ 'ಉಬರ್' ಎಂದು ಟಾರ್ಚ್ ಹಿಡಿದು ಸಂಭ್ರಮದಿಂದ ಕಡಿಯುವುದು ಅದನ್ನೇ. ನಾನೂ ಕಡಿದಿದ್ದೇನೆ. ಪಕ್ಕದ ಕೇರಳದಲ್ಲಿ ಅದಕ್ಕೆ ಕಾನೂನಿನ ನಿಷೇಧವಿದೆ.

ಉಪ್ಪನಿಗೆ ವಯಸ್ಸಾಗಿದೆ, ಅಂಗಡಿಗೆ ದಿನಾ ಹೋಗುತ್ತಾರೆ. ಬೇಸಿಗೆಯಲ್ಲಿ ಯಾರಾದರೂ ಬ್ಲೀಚಿಂಗ್ ಪುಡಿ ಕೇಳಿದರೆ, ತಕ್ಕಡಿ ಎತ್ತುವ ಮೊದಲು ಒಂದು ಮಾತು ಕೇಳುತ್ತಾರಂತೆ: "ನಿಮ್ಮ ಬಾವಿಯಲ್ಲಿ ಎಷ್ಟು ಅಡಿ ನೀರಿದೆ?" ಉತ್ತರಕ್ಕೆ ತಡವರಿಸಿದವರಿಗೆ, ಸ್ಟಾಕ್ ಇಲ್ಲ.