ಅಕ್ಷರಸಂಕೇತ ಮತ್ತು ಸಂಸ್ಥೆಯ ಸ್ಮೃತಿ: ಕನ್ನಡ ಜಾಲತಾಣ ನಿರ್ಮಾಣದ ಚರಿತ್ರೆಯ ಒಂದು ಅವಲೋಕನ

ಸಂಘಸಂಸ್ಥೆಗಳು, ವ್ಯಾಪಾರ ಸಂಸ್ಥೆಗಳು, ಪ್ರಕಾಶನಗಳು ತಮ್ಮ ಕಾರ್ಯವನ್ನೂ ಪ್ರಕಟಣೆಗಳನ್ನೂ ಲೋಕಕ್ಕೆ ತಿಳಿಸಲು ಸ್ವಂತ ಜಾಲತಾಣವನ್ನು ಕಟ್ಟಿಸಿಕೊಳ್ಳುವ ಪದ್ಧತಿಗೆ ಕನ್ನಡದಲ್ಲಿ ಈಗ ಕಾಲು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಈ ಇತಿಹಾಸವನ್ನು ತಂತ್ರಜ್ಞಾನದ ಮುನ್ನಡೆಯ ಕಥೆಯಾಗಿ ಹೇಳುವುದು ರೂಢಿ. ಆದರೆ ಕರ್ನಾಟಕದ ಹೊರಗೆ ಕುಳಿತು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇದರಲ್ಲಿ ಇನ್ನೊಂದು ಮುಖವೂ ಕಾಣುತ್ತದೆ. ಗ್ರಂಥಾಲಯಗಳಿಂದ ದೂರವಿರುವ ನಮಗೆ ಜಾಲತಾಣವೇ ಎಷ್ಟೋ ವೇಳೆ ಮೊದಲ ಆಕರ. ಆ ಆಕರಗಳಲ್ಲಿ ಒಂದು ಭಾಗ ಇಂದು ಓದಲಾಗದ ಸ್ಥಿತಿಯಲ್ಲಿದೆ. ಕಾಗದ ಜೀರ್ಣವಾದಂತೆ, ತಾಳೆಗರಿ ಹುಳು ತಿಂದಂತೆ ಇವು ನಾಶವಾಗಲಿಲ್ಲ. ತಾಣವನ್ನು ಯೋಜಿಸಿದಾಗ ಅಕ್ಷರಗಳನ್ನು ಯಾವ ರೂಪದಲ್ಲಿ ಕೂಡಿಡಬೇಕೆಂಬ ವಿಷಯದಲ್ಲಿ ಕೈಗೊಂಡ ನಿರ್ಧಾರವೇ ಇದಕ್ಕೆ ಮುಖ್ಯ ಕಾರಣ. ಕನ್ನಡ ಜಾಲತಾಣದ ಆಯುಷ್ಯವನ್ನು ಅದರ ವಿನ್ಯಾಸಕ್ಕಿಂತ ಹೆಚ್ಚಾಗಿ ಅದರ ಅಕ್ಷರಸಂಕೇತ ನಿರ್ಧರಿಸಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

೧. ಹಿನ್ನೆಲೆ

ಜಿನೀವಾದ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಮಂಡಿಸಿದ ಪ್ರಸ್ತಾವದಿಂದ ವಿಶ್ವವ್ಯಾಪಿ ಜಾಲದ ಕಲ್ಪನೆ ರೂಪುಗೊಂಡಿತು. ೧೯೯೩ರ ಏಪ್ರಿಲ್‌ನಲ್ಲಿ ಸರ್ನ್ ಸಂಸ್ಥೆ ಆ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿದ್ದು ೧೯೯೫ರ ಆಗಸ್ಟ್ ೧೫ರಂದು. ದೂರವಾಣಿ ತಂತಿಯ ಮೂಲಕ ದೊರೆಯುತ್ತಿದ್ದ ಈ ಸೇವೆ ಬಹು ನಿಧಾನದ್ದು, ದುಬಾರಿಯಾದದ್ದು. ಪುಟವೊಂದರ ಗಾತ್ರ ಹೆಚ್ಚಿದಷ್ಟೂ ಓದುಗನ ಕಾಲವೂ ಹಣವೂ ವ್ಯಯವಾಗುತ್ತಿದ್ದ ಆ ದಿನಗಳಲ್ಲಿ ತಾಣ ನಿರ್ಮಾಪಕರು ಕೈಗೊಂಡ ನಿರ್ಧಾರಗಳನ್ನು ಇಂದಿನ ಅನುಕೂಲಗಳ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಆ ವೇಳೆಗಾಗಲೇ ಕನ್ನಡದ ಮುದ್ರಣ ಗಣಕಕ್ಕೆ ಒಗ್ಗಿತ್ತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮೊದಲಾದ ತಂತ್ರಾಂಶಗಳು ಪತ್ರಿಕಾಲಯಗಳನ್ನೂ ಡಿ.ಟಿ.ಪಿ. ಕೇಂದ್ರಗಳನ್ನೂ ಸೇರಿದ್ದವು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ನೆಲೆಗೊಂಡಿತು. ಇವುಗಳಿಂದ ಕನ್ನಡ ಬರವಣಿಗೆಗೆ ಆದ ಉಪಕಾರ ಸಣ್ಣದಲ್ಲ. ಆದರೆ ಇವೆಲ್ಲ ಮೊದಲು ಹುಟ್ಟಿದ್ದು ಕಾಗದದ ಮೇಲೆ ಅಕ್ಷರ ಮೂಡಿಸುವ ಸಲುವಾಗಿ. ಜಾಲತಾಣದ ಸಮಸ್ಯೆ ಇಲ್ಲಿಂದಲೇ ಆರಂಭವಾಗುತ್ತದೆ.

೨. ರೂಪದ ಸಂಕೇತ, ಅಕ್ಷರದ ಸಂಕೇತ

ಅಂದಿನ ಫಾಂಟುಗಳಲ್ಲಿ ಒಂದು ಬೈಟಿಗೆ ದೊರೆಯುತ್ತಿದ್ದದ್ದು ಒಟ್ಟು ೨೫೬ ಸ್ಥಾನಗಳು. ಕಾಗುಣಿತ, ಒತ್ತಕ್ಷರಗಳ ಕೂಡಿಕೆಯಿಂದ ಕನ್ನಡದಲ್ಲಿ ಉಂಟಾಗುವ ರೂಪಗಳು ಸಾವಿರಾರು. ಆದುದರಿಂದ ಅಕ್ಷರಗಳನ್ನು ತುಂಡುಗಳಾಗಿ ಒಡೆಯಲಾಯಿತು. ತಲೆಕಟ್ಟಿಲ್ಲದ ಕಕಾರಕ್ಕೆ ಒಂದು ಸ್ಥಾನ, ತಲೆಕಟ್ಟಿಗೆ ಇನ್ನೊಂದು, ಇಳಿಗೆ ಬೇರೊಂದು, ಒತ್ತುಗಳಿಗೆ ಮತ್ತೆ ಕೆಲವು. ಈ ತುಂಡುಗಳನ್ನು ರೋಮನ್ ಅಕ್ಷರಗಳೂ ಚಿಹ್ನೆಗಳೂ ಇರುವ ಸ್ಥಾನಗಳಲ್ಲಿ ಕೂರಿಸಲಾಯಿತು. ಕಡತದಲ್ಲಿ ವಸ್ತುತಃ ಉಳಿಯುತ್ತಿದ್ದುದು ರೋಮನ್ ಅಕ್ಷರಗಳ ಒಂದು ಸರಣಿ. ಆಯಾ ಫಾಂಟು ಗಣಕದಲ್ಲಿದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಫಾಂಟು ಇಲ್ಲದ ಗಣಕದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ತಂತ್ರಾಂಶದಿಂದ ತಂತ್ರಾಂಶಕ್ಕೆ ಈ ಜೋಡಣೆ ಬೇರೆಯಾಗಿದ್ದುದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ.

ಇದರ ಪರಿಣಾಮವನ್ನು ಒಂದು ಪದದ ಮೂಲಕ ನೋಡಬಹುದು. 'ಧರ್ಮ' ಎಂಬಲ್ಲಿ ಉಚ್ಚಾರಣೆಯ ಕ್ರಮ ಧಕಾರ, ರೇಫ, ಮಕಾರ. ಬರೆಯುವಾಗ ಅರ್ಕಾವತ್ತು ಮಕಾರದ ನಂತರ ಬರುತ್ತದೆ. ರೂಪವನ್ನು ಅನುಸರಿಸುವ ಸಂಕೇತದಲ್ಲಿ ರೇಫವು ಮಕಾರದ ನಂತರವೇ ದಾಖಲಾಗುತ್ತದೆ. ಇಂತಹ ಪಠ್ಯವನ್ನು ಅಕಾರಾದಿಯಾಗಿ ಜೋಡಿಸಲು ಹೊರಟರೆ ಕ್ರಮ ತಪ್ಪುತ್ತದೆ. ಪದವನ್ನು ಹುಡುಕಲು ಹೊರಟರೆ ಅದೇ ಫಾಂಟಿನ ತುಂಡುಗಳನ್ನು ಅದೇ ಕ್ರಮದಲ್ಲಿ ಒದಗಿಸಬೇಕಾಗುತ್ತದೆ. ನಿಘಂಟು, ಪದಪ್ರಯೋಗಕೋಶ, ಗ್ರಂಥಸೂಚಿಗಳ ಕೆಲಸ ಮಾಡುವವರಿಗೆ ಇದು ಎಂತಹ ತೊಡಕೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರ್ಯಾಯವಾದ ಮಾರ್ಗ ಆ ಕಾಲದಲ್ಲಿಯೇ ಇತ್ತೆಂಬುದು ಗಮನಾರ್ಹ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಹಿನ್ನೆಲೆಯಲ್ಲಿ ಭಾರತೀಯ ಮಾನಕ ಬ್ಯೂರೋ ೧೯೯೧ರಲ್ಲಿ 'ಇಸ್ಕೀ' ಸಂಕೇತವನ್ನು ಅಂಗೀಕರಿಸಿತು. ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಸಮಾನವಾದ ಈ ಸಂಕೇತ ಅಕ್ಷರವನ್ನು ಉಚ್ಚಾರಣೆಯ ಕ್ರಮದಲ್ಲಿ ದಾಖಲಿಸುತ್ತಿತ್ತು. ರೂಪದ ಹೊಣೆಯನ್ನು ತೋರಿಸುವ ಯಂತ್ರಕ್ಕೆ ಬಿಡುತ್ತಿತ್ತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯೂ ಇಸ್ಕೀಯ ೧೯೮೮ರ ರೂಪವನ್ನು ಆಧರಿಸಿ ಕನ್ನಡಕ್ಕೆ ೧೨೮ ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಕೊಟ್ಟಿತ್ತು. ಹೀಗೆ ಸಿದ್ಧಾಂತದ ಮಟ್ಟದಲ್ಲಿ ಪರಿಹಾರ ದೊರೆತಿದ್ದರೂ ಸಾಮಾನ್ಯ ಗಣಕಗಳೂ ಬ್ರೌಸರ್‌ಗಳೂ ಅದನ್ನು ತೋರಿಸಲು ಸಮರ್ಥವಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ೨೦೦೧ರಲ್ಲಿ 'ತುಂಗಾ' ಎಂಬ ಕನ್ನಡ ಫಾಂಟಿನೊಡನೆ ಬಂದ ಮೇಲೆಯೇ ಯೂನಿಕೋಡ್ ಕನ್ನಡ ಜನಸಾಮಾನ್ಯರ ಗಣಕಕ್ಕೆ ಇಳಿಯಿತು. ಆಗಲೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬಳಕೆದಾರನೇ ಅಳವಡಿಸಿಕೊಳ್ಳಬೇಕಾಗಿತ್ತು. ಈ ಹತ್ತು ವರ್ಷಗಳ ಅಂತರದಲ್ಲಿಯೇ ಕನ್ನಡದ ಮೊದಲ ಜಾಲತಾಣಗಳು ಹುಟ್ಟಿಕೊಂಡವು.

೩. ಆರಂಭದ ತಾಣಗಳು

ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಹಲವು ವರ್ಷ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು ೧೯೯೬ರಲ್ಲಿ ಆರಂಭಿಸಿದ 'ವಿಶ್ವಕನ್ನಡ'ವನ್ನು ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯೆಂದು ಗುರುತಿಸಲಾಗಿದೆ. ಕನ್ನಡದ ಮೊದಲ ತಾಣದ ಚರಿತ್ರೆಯಲ್ಲಿ ಹೊರನಾಡಿನ ಹೆಸರೊಂದು ಹೀಗೆ ಸೇರಿಕೊಂಡಿರುವುದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ. ಮುದ್ರಿತ ಕನ್ನಡ ತಡವಾಗಿ ತಲುಪುವ ಊರುಗಳಲ್ಲಿದ್ದವರಿಗೆ ಈ ಮಾಧ್ಯಮದ ಅಗತ್ಯ ಮೊದಲೇ ತಿಳಿದಿತ್ತು.

ಆ ಕಾಲದ ನಿರ್ಮಾಪಕರ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಕನ್ನಡ ಪುಟವನ್ನು ಚಿತ್ರವನ್ನಾಗಿ ಮಾಡಿ ಇಡುವುದು. ಇದು ಎಲ್ಲ ಗಣಕಗಳಲ್ಲಿಯೂ ಕಾಣುತ್ತಿತ್ತು. ಆದರೆ ಭಾರವಾಗಿತ್ತು, ಹುಡುಕಲು ಬಾರದಾಗಿತ್ತು. ಎರಡನೆಯದು, ಓದುಗನೇ ಫಾಂಟನ್ನು ಇಳಿಸಿಕೊಂಡು ತನ್ನ ಗಣಕದಲ್ಲಿ ಸ್ಥಾಪಿಸಿಕೊಳ್ಳುವಂತೆ ಕೇಳುವುದು. ಮೂರನೆಯದು, ೧೯೯೭ರಲ್ಲಿ ಬಂದ ಚಲನಶೀಲ ಫಾಂಟುಗಳ ತಂತ್ರ. ಇದರಲ್ಲಿ ಪುಟದೊಡನೆ ಫಾಂಟೂ ತಾನಾಗಿ ಬರುತ್ತಿತ್ತು. ನೆಟ್‌ಸ್ಕೇಪ್ ಕಮ್ಯುನಿಕೇಟರ್ ಒಂದು ಬಗೆಯ ಫಾಂಟು ಕಡತವನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇನ್ನೊಂದು ಬಗೆಯದನ್ನೂ ಬೇಡುತ್ತಿದ್ದವು. ಓದುಗನಿಗೆ ಅತ್ಯಂತ ಅನುಕೂಲವಾಗಿ ತೋರಿದ ಈ ತಂತ್ರವೇ ಕಾಲಾಂತರದಲ್ಲಿ ಅತ್ಯಂತ ದುರ್ಬಲವೆನಿಸಿತು. ನೆಟ್‌ಸ್ಕೇಪ್ ತನ್ನ ೨೦೦೦ದ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ೨೦೨೨ರ ಜೂನ್‌ನಲ್ಲಿ ನಿವೃತ್ತಿಯಾಯಿತು. ಆ ಬ್ರೌಸರ್‌ಗಳನ್ನೇ ನಂಬಿ ಕಟ್ಟಿದ ಪುಟಗಳು ಎಲ್ಲಿಯಾದರೂ ಉಳಿದಿದ್ದರೂ ಇಂದಿನ ಬ್ರೌಸರ್‌ನಲ್ಲಿ ಕನ್ನಡವಾಗಿ ಕಾಣುವುದಿಲ್ಲ.

ಈ ಮೂರೂ ದಾರಿಗಳಲ್ಲಿ ಸಮಾನವಾದ ಒಂದು ದೃಷ್ಟಿಯಿದೆ. ತಾಣವನ್ನು ಸಂಸ್ಥೆಯ ನಾಮಫಲಕವೆಂದು ಭಾವಿಸಿ, ಅದು ಇಂದು ಹೇಗೆ ಕಾಣಬೇಕೆಂಬ ಪ್ರಶ್ನೆಯನ್ನೇ ಮೊದಲು ಕೇಳಲಾಗಿತ್ತು. ಅದನ್ನು ಸಂಸ್ಥೆಯ ದಾಖಲೆಪುಸ್ತಕವೆಂದು ಭಾವಿಸಿ, ಹತ್ತು ವರ್ಷಗಳ ನಂತರ ಅದರಿಂದ ಏನನ್ನು ಹೊರತೆಗೆಯಬಹುದೆಂದು ಕೇಳುವ ಅವಕಾಶ ಅಂದಿನ ಒತ್ತಡಗಳ ನಡುವೆ ಕಡಮೆಯಿತ್ತು.

೪. ಪರಿವರ್ತನೆ ಮತ್ತು ಪಾಠಶುದ್ಧಿ

ನೆರೆಯ ತಮಿಳಿನ ಅನುಭವ ಇಲ್ಲಿ ಹೋಲಿಕೆಗೆ ಯೋಗ್ಯವಾಗಿದೆ. ತಮಿಳಿನಲ್ಲಿಯೂ ಫಾಂಟುಗಳ ಗೊಂದಲ ಇಷ್ಟೇ ಇತ್ತು. ೧೯೯೯ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ನಡೆದ ತಮಿಳ್‌ನೆಟ್ ಸಮ್ಮೇಳನದ ಫಲವಾಗಿ ಕೀಲಿಮಣೆ ಮತ್ತು ಸಂಕೇತಗಳ ವಿಷಯದಲ್ಲಿ ತಮಿಳುನಾಡು ಸರ್ಕಾರದ ಶಿಷ್ಟತೆ ರೂಪುಗೊಂಡಿತು. ೨೦೧೦ರಲ್ಲಿ ಅದು ಯೂನಿಕೋಡ್ ಅನ್ನು ಅಂಗೀಕರಿಸಿತು. ೧೯೯೮ರಲ್ಲಿ ಆರಂಭವಾದ ಮಧುರೈ ಯೋಜನೆಯವರು ಪ್ರಾಚೀನ ತಮಿಳು ಕೃತಿಗಳನ್ನು ಮೊದಲು ಎಂಟು ಬಿಟ್ಟಿನ ಸಂಕೇತದಲ್ಲಿ ಇಟ್ಟು, ಅನಂತರ ಯೂನಿಕೋಡ್‌ಗೆ ಪರಿವರ್ತಿಸಿದರು. ಪಠ್ಯವನ್ನು ಚಿತ್ರವಾಗಿಸದೆ, ತಿಳಿದ ಸಂಕೇತವೊಂದರಲ್ಲಿ ಕೂಡಿಟ್ಟಿದ್ದುದರಿಂದ ಈ ದಾಟುವಿಕೆ ಸಾಧ್ಯವಾಯಿತು.

ಕನ್ನಡದಲ್ಲಿ ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡ್ ಬರಹದ ರೂಢಿಯನ್ನು ಬೆಳೆಸಿತು. ಪತ್ರಿಕೆಗಳ ತಾಣಗಳೂ ಕ್ರಮೇಣ ತಮ್ಮ ಸ್ವಂತ ಫಾಂಟುಗಳನ್ನು ಬಿಟ್ಟು ಇದೇ ದಾರಿಗೆ ಬಂದವು. ಸಂಶೋಧಕರಿಗೆ ಇದರ ಫಲ ಎದ್ದು ಕಾಣುವುದು 'ವಚನ ಸಂಚಯ'ದಂತಹ ತಾಣದಲ್ಲಿ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ, ಯಾವ ವಚನಕಾರರಲ್ಲಿ ಬಂದಿದೆ ಎಂಬುದನ್ನು ದೆಹಲಿಯಲ್ಲಿಯೋ ಹೈದರಾಬಾದಿನಲ್ಲಿಯೋ ಕುಳಿತ ವಿದ್ಯಾರ್ಥಿ ಕ್ಷಣಮಾತ್ರದಲ್ಲಿ ತಿಳಿಯಬಲ್ಲ. ಹಿಂದೆ ಇದಕ್ಕೆ ಸಂಪುಟಗಳನ್ನು ಪುಟಪುಟವಾಗಿ ತಿರುವಿಹಾಕಬೇಕಾಗಿತ್ತು.

ಆದರೆ ಪರಿವರ್ತನೆಯೆಂಬುದು ಯಾಂತ್ರಿಕವಾದ ಕೆಲಸವಲ್ಲ. ಹಸ್ತಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯಗಳಿರುವಂತೆ ಪರಿವರ್ತಿತ ಪಠ್ಯದಲ್ಲಿಯೂ ಒಂದು ಜಾತಿಯ ದೋಷಗಳು ಮತ್ತೆ ಮತ್ತೆ ಬರುತ್ತವೆ. ಅರ್ಕಾವತ್ತು ಸ್ಥಾನ ತಪ್ಪುತ್ತದೆ. ಎರಡನೆಯ ಒತ್ತು ಬಿಟ್ಟುಹೋಗುತ್ತದೆ. ಅನುಸ್ವಾರದ ಜಾಗದಲ್ಲಿ ಅದನ್ನೇ ಹೋಲುವ ಕನ್ನಡದ ಸೊನ್ನೆ ಉಳಿದುಬಿಡುತ್ತದೆ. ಕನ್ನಡ ವಾಕ್ಯದ ನಡುವೆ ಬಂದ ರೋಮನ್ ಪದವೂ ಕನ್ನಡದ ತುಂಡುಗಳಾಗಿ ಒಡೆದುಹೋಗುತ್ತದೆ. ಯೂನಿಕೋಡ್‌ನಲ್ಲಿಯೇ ಬರೆದಾಗಲೂ 'ರ‍್ಯಾಂಕ್' ಎಂಬಂತಹ ಪದಗಳಲ್ಲಿ ಕಣ್ಣಿಗೆ ಕಾಣದ ಕೂಡುಚಿಹ್ನೆಯಿರುವುದರಿಂದ ಹುಡುಕಾಟ ಕೆಲವೊಮ್ಮೆ ತಪ್ಪುತ್ತದೆ. ಆದುದರಿಂದ ಪರಿವರ್ತಿತ ಪಠ್ಯವನ್ನು ಆಕರವಾಗಿ ಬಳಸುವವರು ಗ್ರಂಥಸಂಪಾದನೆಯ ಎಚ್ಚರವನ್ನೇ ಇಲ್ಲಿಯೂ ಪಾಲಿಸಬೇಕಾಗುತ್ತದೆ. ಮೂಲ ಕಡತ ಯಾವ ತಂತ್ರಾಂಶದ್ದು, ಯಾವಾಗ ಪರಿವರ್ತಿತವಾಯಿತು, ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡಿದೆಯೇ ಎಂಬ ವಿವರಗಳನ್ನು ತಾಣದಲ್ಲಿಯೇ ನಮೂದಿಸುವ ಪದ್ಧತಿ ಬೆಳೆಯಬೇಕು.

೫. ವಿಳಾಸ, ಒಡೆತನ, ಪಾಲನೆ

ಅಕ್ಷರಸಂಕೇತದ ಜೊತೆಗೆ ತಾಣದ ಆಯುಷ್ಯವನ್ನು ನಿರ್ಧರಿಸುವ ಇನ್ನೊಂದು ಸಂಗತಿ ಅದರ ನೆಲೆ. ತೊಂಬತ್ತರ ದಶಕದಲ್ಲಿ ಸಣ್ಣ ಸಂಘಗಳಿಗೂ ವ್ಯಕ್ತಿಗಳಿಗೂ ಉಚಿತ ನೆಲೆಗಳೇ ಆಶ್ರಯವಾಗಿದ್ದವು. ಅವುಗಳಲ್ಲಿ ಪ್ರಸಿದ್ಧವಾದ ಜಿಯೋಸಿಟೀಸ್ ೨೦೦೯ರ ಅಕ್ಟೋಬರ್‌ನಲ್ಲಿ ಮುಚ್ಚಿದಾಗ ಲಕ್ಷಾಂತರ ಪುಟಗಳು ಒಮ್ಮೆಗೇ ತಮ್ಮ ವಿಳಾಸವನ್ನು ಕಳೆದುಕೊಂಡವು. ೨೦೦೫ರಲ್ಲಿ ಭಾರತದ 'ಇನ್' ವಿಳಾಸಗಳ ನೋಂದಣಿ ಎಲ್ಲರಿಗೂ ಮುಕ್ತವಾದ ಮೇಲೆ ಅಲ್ಪ ವೆಚ್ಚದಲ್ಲಿ ಸ್ವಂತ ವಿಳಾಸ ಪಡೆಯುವುದು ಸುಲಭವಾಯಿತು. ಆದರೆ ವಿಳಾಸವನ್ನು ಸಂಸ್ಥೆಯ ಹೆಸರಿನಲ್ಲಿ ಪಡೆಯದೆ, ಆಗಿನ ಕಾರ್ಯದರ್ಶಿಯ ಅಥವಾ ತಾಣ ಕಟ್ಟಿಕೊಟ್ಟವನ ಹೆಸರಿನಲ್ಲಿ ಪಡೆದರೆ, ಆತ ಬದಲಾದೊಡನೆ ನವೀಕರಣ ತಪ್ಪಿಹೋಗುವ ಸಂಭವ ಇದ್ದೇ ಇರುತ್ತದೆ.

ಸರ್ಕಾರಿ ಕ್ಷೇತ್ರದಲ್ಲಿ ಈ ವಿಷಯಕ್ಕೆ ಒಂದು ಚೌಕಟ್ಟು ಒದಗಿದೆ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ನಾಲ್ಕನೆಯ ಪ್ರಕರಣವು ಸಾರ್ವಜನಿಕ ಸಂಸ್ಥೆಗಳು ತಮ್ಮ ರಚನೆ, ಕರ್ತವ್ಯ, ದಾಖಲೆಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕೆಂದು ವಿಧಿಸಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ೨೦೦೯ರಲ್ಲಿ ಭಾರತ ಸರ್ಕಾರದ ತಾಣಗಳಿಗಾಗಿ ಮಾರ್ಗಸೂಚಿಗಳನ್ನು ಹೊರತಂದಿತು. ಅದರ ಮೂರನೆಯ ಆವೃತ್ತಿ ೨೦೨೩ರಲ್ಲಿ ಬಂದಿದೆ. ತಾಣದ ಒಡೆತನವನ್ನು ಸ್ಪಷ್ಟಪಡಿಸುವುದು, ಹಳೆಯ ವಿಷಯದ ಸಂಗ್ರಹಕ್ಕೆ ನೀತಿಯೊಂದನ್ನು ಹೊಂದುವುದು, ದೃಷ್ಟಿದೋಷವುಳ್ಳವರಿಗೂ ಪುಟ ಎಟಕುವಂತೆ ನೋಡಿಕೊಳ್ಳುವುದು ಇದರ ಆಶಯಗಳಲ್ಲಿ ಸೇರಿವೆ. ಕೊನೆಯ ಆಶಯಕ್ಕೂ ಅಕ್ಷರಸಂಕೇತಕ್ಕೂ ನೇರ ಸಂಬಂಧವಿದೆ. ಪಠ್ಯವನ್ನು ಓದಿಹೇಳುವ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಕನ್ನಡವಾಗಿಯೇ ತಿಳಿಯುತ್ತದೆ. ಹಳೆಯ ಫಾಂಟಿನ ಪುಟ ಅದಕ್ಕೆ ರೋಮನ್ ಅಕ್ಷರಗಳ ಗೊಂದಲ ಮಾತ್ರ.

ಖಾಸಗಿ ಸಂಘಸಂಸ್ಥೆಗಳಿಗೆ ಇಂತಹ ಕಟ್ಟುಪಾಡು ಇಲ್ಲ. ಹೊರನಾಡಿನ ಕನ್ನಡ ಸಂಘಗಳ ಮಾಸಪತ್ರಿಕೆಗಳು, ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು ಮೂರು ದಶಕಗಳಿಂದ ಗಣಕದಲ್ಲಿಯೇ ಅಚ್ಚಿಗೆ ಸಿದ್ಧವಾಗುತ್ತಿವೆ. ವಲಸೆ, ರಂಗಭೂಮಿ, ರಾತ್ರಿಶಾಲೆ, ಹೋಟೆಲ್ ಉದ್ಯಮಗಳ ಚರಿತ್ರೆಯನ್ನು ಬರೆಯುವವರಿಗೆ ಇವು ಅಮೂಲ್ಯ ಆಕರಗಳು. ಮುದ್ರಿತ ಪ್ರತಿಗಳು ಸದಸ್ಯರ ಮನೆಗಳಲ್ಲಿ ಚದುರಿಹೋಗಿದ್ದರೂ, ಡಿ.ಟಿ.ಪಿ. ಕಡತಗಳು ಯಾವುದೋ ಗಣಕದಲ್ಲಿಯೋ ಸಿ.ಡಿ.ಯಲ್ಲಿಯೋ ಉಳಿದಿರುವ ಸಾಧ್ಯತೆಯಿದೆ. ಅವನ್ನು ತೆರೆಯಬಲ್ಲ ತಂತ್ರಾಂಶಗಳೂ ಅವುಗಳ ಪರಿಚಯವುಳ್ಳ ಅಕ್ಷರಜೋಡಕರೂ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಜಾಲತಾಣವನ್ನು ಕಟ್ಟಿಸುವ ಸಂಸ್ಥೆ ಬಣ್ಣ, ವಿನ್ಯಾಸಗಳ ಮಾತಿಗೆ ಮೊದಲು ತನ್ನ ಬಳಿಯಿರುವ ಪಠ್ಯದ ಪಟ್ಟಿಯನ್ನು ಮಾಡಿಕೊಳ್ಳಬೇಕು. ಅದು ಯಾವ ಯಾವ ಫಾಂಟುಗಳಲ್ಲಿದೆಯೆಂದು ಗುರುತಿಸಬೇಕು. ಪಠ್ಯವೆಲ್ಲ ಯೂನಿಕೋಡ್‌ನಲ್ಲಿರತಕ್ಕದ್ದೆಂದು ಒಪ್ಪಂದದಲ್ಲಿಯೇ ಬರೆಯಿಸಬೇಕು. ಹಳೆಯ ಸಂಚಿಕೆಗಳ ಚಿತ್ರಪ್ರತಿಯನ್ನು ಇಡುವುದಾದರೆ ಜೊತೆಗೆ ಕನಿಷ್ಠಪಕ್ಷ ಪರಿವಿಡಿಯನ್ನಾದರೂ ಹುಡುಕಬಲ್ಲ ಪಠ್ಯವಾಗಿ ಕೊಡಬೇಕು. ವಿಳಾಸ ಸಂಸ್ಥೆಯ ಹೆಸರಿನಲ್ಲಿರಬೇಕು, ವರ್ಷಕ್ಕೊಮ್ಮೆ ಎಲ್ಲದರ ಪ್ರತಿಯೊಂದು ಸಂಸ್ಥೆಯ ಕೈಸೇರಬೇಕು. ಇವು ಹೆಚ್ಚಿನ ವೆಚ್ಚದ ಕ್ರಮಗಳಲ್ಲ. ೧೯೯೬ರಲ್ಲಿ ಇವುಗಳಲ್ಲಿ ಹಲವಕ್ಕೆ ಸಾಧನಗಳೇ ಇರಲಿಲ್ಲ. ಇಂದು ಸಾಧನಗಳೆಲ್ಲ ಕೈಗೆಟಕುತ್ತವೆ. ಹೊರನಾಡಿನ ಸಂಶೋಧಕರು ತಮ್ಮ ಊರಿನ ಒಂದೊಂದು ಸಂಘದ ಹಳೆಯ ಕಡತಗಳ ಸೂಚಿಯನ್ನು ಸಿದ್ಧಪಡಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದೆಂಬುದು ನಮ್ಮ ಅಭಿಪ್ರಾಯ.