ಫಾಲೋವರ್ಸ್ ಲೆಕ್ಕ ಸಾಕು, ಗ್ರಾಹಕರ ಲೆಕ್ಕ ಇಡಿ: ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಮುಂದೆ ಎತ್ತ ಸಾಗುತ್ತಿದೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಲಕ್ಷಾಂತರ ಫಾಲೋವರ್ಸ್ ಇದ್ದವರ ಖಾತೆಗಳು ರಾತ್ರಿ ಬೆಳಗಾಗುವುದರೊಳಗೆ ಕೆಲಸಕ್ಕೆ ಬಾರದಂತಾದವು. ಕೆಲವೇ ದಿನಗಳಲ್ಲಿ ಭಾರತಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗವೂ ಇಲ್ಲಿಂದಲೇ ಶುರುವಾಯಿತು. ವೀಡಿಯೊ ಹಾಕಲು ಹೊಸ ಜಾಗ ಸಿಕ್ಕಿತು ನಿಜ, ಆದರೆ ಹಳೆಯ ಫಾಲೋವರ್ಸ್ ಜೊತೆಗೆ ಬರಲಿಲ್ಲ. ಅದೇ ವರ್ಷ ಕನ್ನಡದಿಂದಲೇ ಆರಂಭಗೊಂಡ ಬೆಂಗಳೂರಿನ 'ಕೂ' ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಕನ್ನಡ ಓದುಗರನ್ನು ಕಟ್ಟಿಕೊಂಡಿದ್ದವರ ಗತಿಯೂ ಅಷ್ಟೇ.

ಸೋಷಿಯಲ್ ಮೀಡಿಯಾ ಮೂಲಕ ವ್ಯಾಪಾರ ಮಾಡುವವರು ಮುಂದಿನ ವರ್ಷಗಳ ಬಗ್ಗೆ ಯೋಚಿಸುವಾಗ ಮೊದಲು ನೆನಪಿಡಬೇಕಾದದ್ದು ಇದನ್ನೇ. ಪೇಜ್ ನಿಮ್ಮದು, ಜಾಗ ಬೇರೆಯವರದು. ಮಾಲೀಕರು ನಿಯಮ ಬದಲಿಸಿದರೆ ಬಾಡಿಗೆದಾರ ಹೊಂದಿಕೊಳ್ಳಲೇಬೇಕು. ಈಗ ಬದಲಾಗುತ್ತಿರುವ ನಿಯಮಗಳೂ ಸಣ್ಣವಲ್ಲ.

ಫಾಲೋ ಮಾಡಿದವರಿಗೇ ಕಾಣುವುದಿಲ್ಲ

ಒಂದು ಕಾಲದಲ್ಲಿ ಪೇಜ್ ಲೈಕ್ ಮಾಡಿದವರ ಮುಂದೆ ಪೋಸ್ಟ್ ಬರುತ್ತಿತ್ತು. ಈಗ ರೀಲ್ಸ್, ಶಾರ್ಟ್ಸ್‌ನಲ್ಲಿ ಯಾರಿಗೆ ಏನು ತೋರಿಸಬೇಕು ಎಂಬುದನ್ನು ಬಹುಪಾಲು ಆಲ್ಗಾರಿದಂ ತೀರ್ಮಾನಿಸುತ್ತದೆ. ನೋಡುಗ ಎಷ್ಟು ಹೊತ್ತು ನಿಂತ, ಮತ್ತೆ ನೋಡಿದನೇ, ಬೇರೆಯವರಿಗೆ ಕಳಿಸಿದನೇ ಎಂಬುದೇ ಲೆಕ್ಕ. ಹೀಗಾಗಿ 200 ಫಾಲೋವರ್ಸ್ ಇರುವ ಖಾತೆಯ ವೀಡಿಯೊ ಲಕ್ಷ ಜನರನ್ನು ಮುಟ್ಟಬಹುದು, ಲಕ್ಷ ಫಾಲೋವರ್ಸ್ ಇರುವವರ ವೀಡಿಯೊ ಸಾವಿರಕ್ಕೇ ನಿಲ್ಲಬಹುದು. ದುಡ್ಡು ಕೊಟ್ಟು ಫಾಲೋವರ್ಸ್ ಖರೀದಿಸುವವರು ಇನ್ನೂ ಇದ್ದಾರೆ ಎಂಬುದೇ ಆಶ್ಚರ್ಯ.

ಇನ್ನೊಂದು ಬದಲಾವಣೆ ಹುಡುಕಾಟದ್ದು. 2025ರ ಜುಲೈ 10ರಿಂದ ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆಗಳ ಸಾರ್ವಜನಿಕ ಪೋಸ್ಟ್‌ಗಳು ಗೂಗಲ್ ಸರ್ಚ್‌ನಲ್ಲೂ ಕಾಣಿಸಿಕೊಳ್ಳಲು ಅವಕಾಶವಾಗಿದೆ. ಪುಣೆಯಲ್ಲಿ ಮನೆಯಿಂದಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರುವವರಿಗೆ ಇದು ಅನುಕೂಲವೇ. ಆದರೆ ಬರೀ ಹಾಡು, ಎಮೋಜಿ ಹಾಕಿದರೆ ಗೂಗಲ್‌ಗೆ ಏನೂ ತಿಳಿಯದು. ಪದಾರ್ಥದ ಹೆಸರು, ಬಡಾವಣೆ, ಬೆಲೆ, ಆರ್ಡರ್ ಮಾಡುವ ವಿಧಾನ ಎಲ್ಲವೂ ಕ್ಯಾಪ್ಷನ್‌ನಲ್ಲಿ ಅಕ್ಷರ ರೂಪದಲ್ಲಿರಬೇಕು. ಕನ್ನಡದ ಜೊತೆಗೆ ಇಂಗ್ಲಿಷ್‌ನಲ್ಲೂ ಬರೆಯಿರಿ. ಹೊರರಾಜ್ಯದಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಲ್ಲಿ ಅನೇಕರು ಕನ್ನಡ ಮಾತಾಡುತ್ತಾರೆ, ಟೈಪ್ ಮಾಡುವುದು ಇಂಗ್ಲಿಷ್‌ನಲ್ಲಿ.

ವ್ಯಾಪಾರ ಕುದುರುವುದು ಚಾಟ್‌ನಲ್ಲಿ

2022ರ ನವೆಂಬರ್ 1ರಂದು ನಮ್ಮ ಮೆಟ್ರೊ ವಾಟ್ಸ್‌ಆ್ಯಪ್ ಮೂಲಕ ಕ್ಯೂಆರ್ ಟಿಕೆಟ್ ಆರಂಭಿಸಿತು. ಹೈದರಾಬಾದ್, ಚೆನ್ನೈ, ದೆಹಲಿ ಮೆಟ್ರೊಗಳಲ್ಲೂ ಈಗ ಈ ಸೌಲಭ್ಯವಿದೆ. ಚಾಟ್‌ನಲ್ಲೇ ಕೇಳಿ ಚಾಟ್‌ನಲ್ಲೇ ಹಣ ಕಟ್ಟುವುದು ಜನರಿಗೆ ರೂಢಿಯಾಗಿಬಿಟ್ಟಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ಬಟನ್ ಒತ್ತಿದರೆ ವೆಬ್‌ಸೈಟ್ ಬದಲು ನೇರವಾಗಿ ವಾಟ್ಸ್‌ಆ್ಯಪ್ ತೆರೆದುಕೊಳ್ಳುವ ವ್ಯವಸ್ಥೆ ಸಣ್ಣ ವ್ಯಾಪಾರಿಗಳಿಗೆ ಹೇಳಿ ಮಾಡಿಸಿದಂತಿದೆ.

ಸಣ್ಣ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ದೊಡ್ಡ ಕಂಪನಿಗಳು ಬಳಸುವ ಪ್ಲಾಟ್‌ಫಾರಂನಲ್ಲಿ ಮಾತ್ರ ಪ್ರಚಾರದ ಸಂದೇಶಕ್ಕೆ ಶುಲ್ಕವಿದೆ. ಗ್ರಾಹಕರೇ ಮೊದಲು ಮೆಸೇಜ್ ಮಾಡಿದರೆ 24 ಗಂಟೆಯೊಳಗೆ ಕೊಡುವ ಸಾಮಾನ್ಯ ಉತ್ತರಕ್ಕೆ ಅಲ್ಲೂ ಶುಲ್ಕವಿಲ್ಲ. ಅಂದರೆ ಕರೆಯದೆ ಬರುವವರಿಗೆ ಖರ್ಚು ಜಾಸ್ತಿ, ಕರೆದಾಗ ಓಗೊಡುವವರಿಗೆ ಕಡಿಮೆ.

ಎಲ್ಲ ಹೊಸ ಟ್ರೆಂಡ್‌ಗಳೂ ನೆಲೆಯೂರುವುದಿಲ್ಲ. ಚೀನಾದಲ್ಲಿ ಲೈವ್ ವೀಡಿಯೊ ಮಾರಾಟ ದೊಡ್ಡ ಉದ್ಯಮವಾಗಿ ಬೆಳೆದಿದೆ. ಅದನ್ನೇ ನೋಡಿ ಇಲ್ಲೂ ಭಾರೀ ನಿರೀಕ್ಷೆ ಹುಟ್ಟಿತ್ತು. ಆದರೆ ಫೇಸ್‌ಬುಕ್ 2022ರ ಅಕ್ಟೋಬರ್‌ನಲ್ಲಿ ತನ್ನ ಲೈವ್ ಶಾಪಿಂಗ್ ನಿಲ್ಲಿಸಿತು. ಯೂಟ್ಯೂಬ್ 2021ರಲ್ಲಿ ಖರೀದಿಸಿದ್ದ ಭಾರತದ ವೀಡಿಯೊ ಮಾರಾಟ ಆ್ಯಪ್ ಸಿಮ್‌ಸಿಮ್ 2023ರಲ್ಲಿ ಮುಚ್ಚಿತು. ಬದಲಿಗೆ 2024ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್, ಮಿಂತ್ರಾ ಜೊತೆ ಸೇರಿ, ವೀಡಿಯೊದಲ್ಲಿ ವಸ್ತುವನ್ನು ಟ್ಯಾಗ್ ಮಾಡಿ ಕಮಿಷನ್ ಪಡೆಯುವ ಯೋಜನೆಯನ್ನು ಯೂಟ್ಯೂಬ್ ತಂದಿತು. ಜನ ತಮಗೆ ಬಿಡುವಾದಾಗ ನೋಡಿ ಕೊಳ್ಳುತ್ತಾರೆ, ಲೈವ್‌ಗಾಗಿ ಕಾಯುವ ವ್ಯವಧಾನ ಇಲ್ಲಿಲ್ಲ ಎಂದೇ ತೋರುತ್ತದೆ.

'ಜಾಹೀರಾತು' ಎಂದು ಹೇಳಲೇಬೇಕು

ಅತಿ ದೊಡ್ಡ ಬದಲಾವಣೆ ಕಾನೂನಿನದು. ಇನ್‌ಫ್ಲುಯೆನ್ಸರ್‌ಗಳು ದುಡ್ಡು ಪಡೆದು ಮಾಡಿದ ಪೋಸ್ಟ್‌ಗೆ ಜಾಹೀರಾತು ಎಂಬ ಗುರುತು ಹಾಕಬೇಕೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಸೂಚಿಸಿತ್ತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತು. ದುಡ್ಡಷ್ಟೇ ಅಲ್ಲ, ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯ ಪಡೆದಿದ್ದರೂ ಹೇಳಬೇಕು. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಅದನ್ನು ಬಚ್ಚಿಡುವಂತಿಲ್ಲ. ವೀಡಿಯೊ ಆದರೆ ದನಿಯಲ್ಲೂ ಇರಬೇಕು, ಪರದೆಯಲ್ಲೂ ಕಾಣಬೇಕು. ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡವಿದೆ. ಕನ್ನಡ ವೀಡಿಯೊ ಮಾಡುವವರು ಮೂಲೆಯಲ್ಲಿ ಎರಡಕ್ಷರದ ಇಂಗ್ಲಿಷ್ ಗುರುತು ಹಾಕಿ ಕೈತೊಳೆದುಕೊಳ್ಳುವ ಬದಲು 'ಜಾಹೀರಾತು' ಎಂದೇ ಬರೆದರೆ ಊರಿನಲ್ಲಿ ನೋಡುವ ಅಜ್ಜಿಗೂ ಅರ್ಥವಾಗುತ್ತದೆ.

ತೆರಿಗೆಯೂ ಉಂಟು. 2022ರ ಜುಲೈ 1ರಿಂದ ಜಾರಿಯಾದ ನಿಯಮದಂತೆ ಕಂಪನಿಯೊಂದು ಕೊಡುವ ಇಂಥ ಸೌಲಭ್ಯದ ಮೌಲ್ಯ ವರ್ಷಕ್ಕೆ 20 ಸಾವಿರ ರೂ. ಮೀರಿದರೆ ಶೇ 10ರಷ್ಟು ಟಿಡಿಎಸ್ ಬೀಳುತ್ತದೆ. ರಿವ್ಯೂಗೆ ಬಂದ ಮೊಬೈಲ್ ಹಿಂದಿರುಗಿಸಿದರೆ ಅನ್ವಯಿಸದು, ಇಟ್ಟುಕೊಂಡರೆ ಅನ್ವಯಿಸುತ್ತದೆ.

ಎಐ ಬಗ್ಗೆ ಗದ್ದಲ ಹೆಚ್ಚಿದ್ದರೂ ಅದು ಹೊಸದೇನಲ್ಲ. 2021ರ ದೀಪಾವಳಿಗೇ ಕ್ಯಾಡ್‌ಬರಿ ಕಂಪನಿ ಶಾರುಖ್ ಖಾನ್ ದನಿಯಲ್ಲಿ ಬೀದಿ ಬದಿಯ ಅಂಗಡಿಗಳ ಹೆಸರು ಹೇಳಿಸುವ ಜಾಹೀರಾತು ಮಾಡಿತ್ತು. ಈಗ ಅಂಥದ್ದನ್ನು ಯಾರು ಬೇಕಾದರೂ ಮಾಡಬಹುದು, ಬೇರೆಯವರ ಮುಖ ಕದಿಯಲೂಬಹುದು. ನೈಜವೆಂದು ತೋರುವ ಎಐ ವೀಡಿಯೊ ಹಾಕುವವರು ಅದನ್ನು ತಿಳಿಸಬೇಕೆಂದು ಯೂಟ್ಯೂಬ್ 2024ರ ಮಾರ್ಚ್‌ನಲ್ಲೇ ನಿಯಮ ತಂದಿದೆ.

ಇಷ್ಟೆಲ್ಲದರ ನಡುವೆ ವ್ಯಾಪಾರಿಯ ಕೈಯಲ್ಲಿ ಉಳಿಯುವುದು ಗ್ರಾಹಕರ ಹೆಸರು, ನಂಬರ್ ಇರುವ ಪಟ್ಟಿ ಮಾತ್ರ. ಅದಕ್ಕೂ ಈಗ ಕಾನೂನಿನ ಕಟ್ಟು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಯಾಗುತ್ತಿದೆ. ಅದರ ಪ್ರಕಾರ 18 ವರ್ಷದೊಳಗಿನವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೀರೋ ಅದಕ್ಕಷ್ಟೇ ಮಾಹಿತಿ ಬಳಸಬೇಕು. ಪಾರ್ಸೆಲ್ ಕಳಿಸಲೆಂದು ಪಡೆದ ನಂಬರ್‌ಗೆ ಹಬ್ಬದ ಆಫರ್ ಕಳಿಸಬೇಕಿದ್ದರೆ, ಆರ್ಡರ್ ತೆಗೆದುಕೊಳ್ಳುವಾಗಲೇ ಅದನ್ನು ಪ್ರತ್ಯೇಕವಾಗಿ ಕೇಳಿ, ಒಪ್ಪಿದವರ ಹೆಸರಿನ ಮುಂದೆ ದಿನಾಂಕ ಬರೆದಿಟ್ಟುಕೊಳ್ಳಿ. ಬೇಡ ಎಂದವರ ನಂಬರನ್ನು ಅಂದೇ ಆ ಪಟ್ಟಿಯಿಂದ ತೆಗೆದುಬಿಡಿ.